ಬೂದಿಯ ಮೇಲಿನ ಗೊರಸು

ಕ್ಷಯದ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ನೋಡಿದರೂ, ಪಕ್ಕದವನ ಕಾಯಿಲೆ ತನ್ನದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಅಳೆಯುವುದಕ್ಕೆ ಮಾತ್ರ. ನಾನೂ ಹಾಗೆ ಅಳೆಯುತ್ತ ಕೂತಿದ್ದವನು. ಈಗ ವಾಸಿಯಾಗಿದೆ. ಇವತ್ತು ಅದೇ ಬೆಂಚಿನ ಮೇಲೆ ಕೂತಿರುವ ಯಾರಿಗಾದರೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ರೋಗದ ವಿಚಾರವನ್ನು ಡಾಕ್ಟರು ಹೇಳುತ್ತಾರೆ. ಉಳಿದದ್ದನ್ನು ನಾನು ಹೇಳುತ್ತೇನೆ.

ನಾನು ಪೊಲೀಸ್ ಇಲಾಖೆಯಲ್ಲಿ ದಫೇದಾರನಾಗಿ ನಿವೃತ್ತನಾದವನು. ಸೇವೆಯ ಬಹುಪಾಲು ಮಳವಳ್ಳಿ ತಾಲ್ಲೂಕಿನಲ್ಲಿ ಕಳೆಯಿತು, ಕೊನೆಯ ವರ್ಷಗಳು ಮದ್ದೂರಿನಲ್ಲಿ. ಅಲ್ಲೇ ಮನೆ ಮಾಡಿಕೊಂಡೆವು. ನಿವೃತ್ತಿಯಾದ ಮೇಲೂ ದಿನಚರಿ ಬದಲಾಗಲಿಲ್ಲ. ಕತ್ತಲಿರುವಾಗಲೇ ಏಳುವುದು, ಹಾಸಿಗೆ ಮಡಿಸುವುದು, ಬೂಟಿಗೆ ಪಾಲಿಶ್ ಹಾಕುವುದು, ಹೊಳೆಯ ತನಕ ನಡೆದು ಬರುವುದು. ಇನ್ನೊಂದು ಅಭ್ಯಾಸವೂ ಉಳಿಯಿತು. ಯಾರು ಏನು ಹೇಳಿದರೂ, ಇವನು ಇದನ್ನು ನನಗೆ ಯಾಕೆ ಹೇಳುತ್ತಿದ್ದಾನೆ ಎಂದು ಮೊದಲು ಯೋಚಿಸುವುದು. ನನ್ನ ಹೆಂಡತಿ ಸಾಕಮ್ಮ ಇದಕ್ಕೆ ನಗುತ್ತಿದ್ದಳು. “ಕೋಳಿ ಕೂಗುದ್ರೂವೆ ನಮ್ಮನೆಯೋರಿಗೆ ಅನ್ಮಾನ ಕಣಮ್ಮ. ಅದು ತಾನಾಗೇ ಕೂಗ್ತಾ, ಯಾರಾದ್ರೂ ಕೂಗ್ಸುದ್ರಾ ಅಂತ ಕೇಳ್ತರೆ,” ಎಂದು ಪಕ್ಕದ ಮನೆಯವರಿಗೆ ಹೇಳುವಳು.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮರುವರ್ಷ ಅವಳಿಗೆ ಹೊಟ್ಟೆನೋವು ಶುರುವಾಯಿತು. ಮೈಸೂರಿಗೆ ಕರೆದುಕೊಂಡು ಹೋದೆವು. ಅವಳ ತಮ್ಮ ಬೋರೇಗೌಡ ಜೊತೆಗೆ ಬಂದಿದ್ದ. ಅಲ್ಲಿಯ ಡಾಕ್ಟರು ಅವನನ್ನು ವರಾಂಡಕ್ಕೆ ಕರೆದು ಮಾತಾಡಿದರು. ಕಿಟಕಿಯಿಂದ ನೋಡಿದೆ. ಬೋರೇಗೌಡ ತಲೆಯ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡ. ಒಳಗೆ ಬಂದವನು, “ಗ್ಯಾಸಂತೆ ಭಾವ, ಏನೂ ಇಲ್ಲ,” ಎಂದ. ಅದು ಗೆಡ್ಡೆ ಎಂದು ನನಗೆ ಗೊತ್ತಾದಾಗ ಸಾಕಮ್ಮ ನೀರು ಕುಡಿಯುವುದನ್ನೂ ಬಿಟ್ಟಿದ್ದಳು. “ನಿಮ್ಮ ಎದೆ ಒಡೆದೀತು ಅಂತ ಏಳ್ಲಿಲ್ಲ,” ಎಂದು ಬೋರೇಗೌಡ ಆಮೇಲೆ ಅತ್ತ. ಕಾಯಿಲೆಯ ವಿಷಯದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ, ಪ್ರೀತಿ ಇದ್ದವರು ಹೆಚ್ಚು ಹೇಳುತ್ತಾರೆ ಎಂಬುದು ಅವತ್ತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಸಾಕಮ್ಮ ನಡುಮನೆಯಲ್ಲೇ ಪ್ರಾಣ ಬಿಟ್ಟಳು. ನಮ್ಮ ಕಡೆ ಒಂದು ಪದ್ಧತಿ ಇದೆ. ತಿಥಿಯ ಹಿಂದಿನ ಸಂಜೆ, ಜೀವ ಹೋದ ಜಾಗದಲ್ಲಿ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಹರಡಿ, ಮೇಲೆ ಬಿದಿರು ಕುಕ್ಕೆ ಬೋರಲು ಹಾಕಿ, ಪಕ್ಕದಲ್ಲಿ ದೀಪ ಇಡುತ್ತಾರೆ. ಬೆಳಿಗ್ಗೆ ಕುಕ್ಕೆ ಎತ್ತಿ ನೋಡಿದರೆ ಬೂದಿಯ ಮೇಲೆ ಏನಾದರೊಂದು ಗುರುತು ಇರುತ್ತದೆ. ಹಕ್ಕಿಯ ಕಾಲಿದ್ದರೆ ಸತ್ತವರು ಹಕ್ಕಿಯಾದರು, ಮಗುವಿನ ಹೆಜ್ಜೆಯಿದ್ದರೆ ಮನೆಯಲ್ಲೇ ಹುಟ್ಟಿಬರುತ್ತಾರೆ, ಹೀಗೆ ಹಿರಿಯರು ಓದಿ ಹೇಳುತ್ತಾರೆ.

ಹೆಜ್ಜೆಗುರುತು ನೋಡಿ ಆಡುಕಳ್ಳರನ್ನು ಹಿಡಿದವನು ನಾನು. ಇದನ್ನು ನಂಬುವವನಲ್ಲ. ಮನೆಯವರ ಸಮಾಧಾನಕ್ಕೆ ಯಾರೋ ಬೆರಳು ಆಡಿಸುತ್ತಾರೆ ಎಂದೇ ನನ್ನ ಅಭಿಪ್ರಾಯವಾಗಿತ್ತು. ಹಾಗಾಗಿ ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ ಒಂದು ಹಿಡಿ ರಾಗಿಹಿಟ್ಟು ತಂದು, ಕುಕ್ಕೆಯ ಅಂಚಿನ ಸುತ್ತ, ನೆಲಕ್ಕೂ ಅಂಚಿಗೂ ತಾಗುವ ಹಾಗೆ ಒಂದು ಎಳೆ ಉದುರಿಸಿದೆ. ಸಗಣಿ ಸಾರಿಸಿದ ನೆಲದ ಮೇಲೆ ರಾಗಿಹಿಟ್ಟು ಕಾಣುವುದಿಲ್ಲ. ಕುಕ್ಕೆ ಅಲುಗಿದರೆ ಮಾತ್ರ ಎಳೆ ಮುರಿಯುತ್ತದೆ. ಇದನ್ನು ಯಾರಿಗೂ ಹೇಳಲಿಲ್ಲ. ದೀಪ ನೋಡಿಕೊಳ್ಳುವುದಕ್ಕೆ ನನ್ನ ನಾದಿನಿ, ಸಾಕಮ್ಮನ ಕೊನೆಯ ತಂಗಿ ಚಿಕ್ಕತಾಯಮ್ಮ, ಅಲ್ಲೇ ಚಾಪೆ ಹಾಸಿಕೊಂಡಳು.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಬಗ್ಗಿ ನೋಡಿದೆ. ಹಿಟ್ಟಿನ ಎಳೆ ಎಲ್ಲೂ ಮುರಿದಿರಲಿಲ್ಲ.

ಹಿರಿಯರು ಬಂದು ಕುಕ್ಕೆ ಎತ್ತಿದರು. ಬೂದಿಯ ನಡುವೆ ಒಂದು ಪುಟ್ಟ ಗೊರಸು ಮೂಡಿತ್ತು. ಎರಡಾಗಿ ಸೀಳಿದ ಗೊರಸು, ಎಳೆ ಕುರಿಯದು.

ಚಿಕ್ಕತಾಯಮ್ಮ ನೆಲಕ್ಕೆ ಹಣೆ ಹಚ್ಚಿದಳು. “ಅಕ್ಕಾ! ನಮ್ಮೂರ್ ಕುರಿಯಾಗಿ ಉಟ್ಟಿದ್ದೀಯಾ ನನ್ನವ್ವಾ! ನೋಡಣ್ಣ, ನಮ್ಮಟ್ಟೀಗೇ ಬಂದವ್ಳೆ!”

ಸಾಕಮ್ಮನ ತವರು ಬಂಡೂರು. ಆ ಊರಿನ ಕುರಿ ಎಂದರೆ ಗೊತ್ತಲ್ಲ, ಗಿಡ್ಡ ಕಾಲು, ತುಂಬಿದ ಮೈ. ಅವರ ಮನೆಯಲ್ಲಿ ತಲೆತಲಾಂತರದಿಂದ ಅದೇ ಸಾಕಣೆ. ಸಾಕಮ್ಮ ಹುಡುಗಿಯಾಗಿದ್ದಾಗ ಮರಿಗಳನ್ನು ಸೀರೆಯ ಮಡಿಲಲ್ಲಿ ಹೊತ್ತು ತಿರುಗುತ್ತಿದ್ದಳಂತೆ. ಹಾಗಾಗಿ ಎಲ್ಲರಿಗೂ ಈ ಗೊರಸು ಸರಿಯಾಗಿಯೇ ಕಂಡಿತು. ಅಳುತ್ತಿದ್ದವರು ಸುಮ್ಮನಾದರು. ಬೋರೇಗೌಡ ಮಾತ್ರ, “ಅದ್ಸರಿ ಕಣಮ್ಮಿ. ಆದ್ರೆ ಕುರಿ ಆಯಸ್ಸು ಎಷ್ಟ್ ದಿನ ಏಳು? ನಾವೇ ಮಾರಿ, ಯಾರೋ ಕುಯ್ದು...” ಎಂದ.

“ಬುಡ್ತು ಅನ್ನು! ಬಾಯ್ಗ್ ಬೂದಿ ಹಾಕ್ತೀನಿ ನೋಡು!”

ತಿಥಿಯ ಎಡೆಗೆಂದು ಹಿತ್ತಲಲ್ಲಿ ಟಗರು ಕಟ್ಟಿತ್ತು. ಚಿಕ್ಕತಾಯಮ್ಮ ತಾನೇ ಹೋಗಿ ಹಗ್ಗ ಬಿಚ್ಚಿದಳು. ಕೊನೆಗೆ ಕೋಳಿ ಕುಯ್ದರು.

ನನಗೆ ಮಾತ್ರ ನೆಮ್ಮದಿ ಬರಲಿಲ್ಲ. ಹಿಟ್ಟಿನ ಎಳೆ ಮುರಿದಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದು ಅಲ್ಲಿಗೆ ಬಿಡುತ್ತಿದ್ದೆ. ಮುರಿದಿಲ್ಲ ಎಂದಮೇಲೆ ಕೈ ಹಾಕಿದವರು ಬುದ್ಧಿವಂತರು, ಎಳೆಯನ್ನು ಕಂಡು ಮತ್ತೆ ಉದುರಿಸಿದ್ದಾರೆ ಎಂದುಕೊಂಡೆ. ಅವಕಾಶ ಇದ್ದದ್ದು ಅಲ್ಲೇ ಮಲಗಿದ್ದ ಚಿಕ್ಕತಾಯಮ್ಮ ಒಬ್ಬಳಿಗೇ. ಅವಳ ಎರಡು ಬೆರಳು ಜೋಡಿಸಿ ಒತ್ತಿದರೆ ಅಷ್ಟೇ ಗೊರಸಾಗುತ್ತದೆ. ಗುರುತು ಅವಳದು ಎಂದು ಮನಸ್ಸಿನಲ್ಲೇ ತೀರ್ಮಾನ ಬರೆದೆ. ಯಾಕೆ ಮಾಡಿದಳು ಎಂಬುದು ಮಾತ್ರ ತಿಳಿಯಲಿಲ್ಲ.

ಕೆಮ್ಮು ಶುರುವಾದದ್ದು ಅದಾದ ಕೆಲವು ತಿಂಗಳಿಗೆ. ಮೊದಲು ಹೊಗೆ ಎಂದೆ, ಆಮೇಲೆ ಮಂಜು ಎಂದೆ. ಹೊಳೆಯ ದಾರಿಯಲ್ಲಿ ಒಮ್ಮೆ ಕೂತು ಎದ್ದು ಬರಬೇಕಾಯಿತು. ಒಂದು ಬೆಳಿಗ್ಗೆ ಕರವಸ್ತ್ರದಲ್ಲಿ ಕೆಂಪು ಕಂಡಿತು. ಮಡಿಸಿ ಜೇಬಿಗೆ ಹಾಕಿಕೊಂಡೆ. ಒಗೆಯಲು ಹೊರಟ ಕೆಲಸದವಳು ಅದನ್ನು ಕಂಡು ಬೀದಿಗೆಲ್ಲ ಹೇಳಿದಳು. ಸುದ್ದಿ ಬಂಡೂರಿಗೆ ಮುಟ್ಟಿ, ಬೋರೇಗೌಡ ಮಾರನೆಯ ದಿನವೇ ಬಂದು ನನ್ನನ್ನು ಮಂಡ್ಯದ ಬಸ್ಸು ಹತ್ತಿಸಿದ.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಎದೆಯ ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಇವರ ಕಡೆಯವರು ಯಾರು?” ಎಂದು ಕೇಳಿದರು. ಬೋರೇಗೌಡ ಎದ್ದ.

“ಅವನು ಕೂತಿರಲಿ,” ಎಂದೆ. “ಏನಿದ್ದರೂ ನನ್ನ ಮುಂದೆ ಹೇಳಿ.”

“ಕ್ಷಯ ಇದೆ. ಬಲಗಡೆ ಶ್ವಾಸಕೋಶದಲ್ಲಿ. ಔಷಧಿ ತಗೊಂಡರೆ ವಾಸಿ ಆಗುತ್ತೆ.”

“ಗೆಡ್ಡೆ ಅಲ್ಲವಾ?”

“ಗೆಡ್ಡೆ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಅದಕ್ಕೇ ಕೇಳ್ತಿದ್ದೀನಿ.”

ಆಕೆ ಎಕ್ಸ್-ರೇಯನ್ನು ನನ್ನ ಕೈಗೆ ಕೊಟ್ಟು, “ನೀವೇ ಇಟ್ಟುಕೊಳ್ಳಿ. ಬೇರೆ ಯಾರಿಗೆ ಬೇಕಾದರೂ ತೋರಿಸಿ, ಅವರು ಹೇಳಿದ್ದನ್ನ ಬಂದು ನನಗೆ ಹೇಳಿ,” ಎಂದರು. ಆದರೂ ಬಸ್ಸಿನಲ್ಲಿ ಬರುವಾಗ, ಗೆಡ್ಡೆಯಾಗಿದ್ದರೂ ಇಷ್ಟೇ ಧೈರ್ಯವಾಗಿ ಹೇಳುತ್ತಿದ್ದರೇನೋ ಎಂದುಕೊಂಡೆ. ಬೋರೇಗೌಡ ಟವಲಿನಿಂದ ಮುಖ ಒರೆಸುತ್ತಾನೆಯೇ ಎಂದು ದಾರಿಯುದ್ದಕ್ಕೂ ಕಾದೆ. ಒರೆಸಲಿಲ್ಲ. ಸೆಕೆ ಇದ್ದ ದಿನ ಒರೆಸದೇ ಇದ್ದದ್ದು ಇನ್ನೂ ಅನುಮಾನವಾಯಿತು.

ಮದ್ದೂರಿನ ಆಸ್ಪತ್ರೆಯಲ್ಲಿ ದಿನಾ ಸೂಜಿ, ಮನೆಯಲ್ಲಿ ಮಾತ್ರೆ, ತಿಂಗಳಿಗೊಮ್ಮೆ ಮಂಡ್ಯಕ್ಕೆ ಹೋಗಿ ತೂಕ ನೋಡಿಸಿ ಎದೆ ತೋರಿಸುವುದು, ಇದು ಹೊಸ ದಿನಚರಿ. ದಿನಚರಿ ಎಂದರೆ ನನಗೆ ಕಷ್ಟವಿಲ್ಲ. ಉಗುಳುವುದಕ್ಕೆ ಮುಚ್ಚಳದ ಡಬ್ಬಿ, ಅದರಲ್ಲಿ ಫಿನಾಯಿಲು. ನನ್ನ ತಟ್ಟೆ ಲೋಟಕ್ಕೆ ಬೇರೆ ಗೂಡು. ಹಾಸಿಗೆ ದಿನಾ ಬಿಸಿಲಿಗೆ. ಕಷ್ಟವಾದದ್ದು ಮನುಷ್ಯರ ವಿಷಯ. ಮಳವಳ್ಳಿಗೆ ಕೊಟ್ಟಿದ್ದ ಮಗಳು ಜಯಮ್ಮ ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದಳು. “ಅಲ್ಲೇ ನಿಲ್ಲು, ಒಳಗೆ ಬರಬೇಡ,” ಎಂದು ನಾನೇ ಹೇಳಿದೆ. ಅವಳು ಜಗಲಿಯ ಕೆಳಗೇ ನಿಂತು ಅತ್ತಳು. ಅವಳು ಹೋದ ಮೇಲೆ, ಅಲ್ಲೇ ನಿಲ್ಲು ಎಂದಾಗ ಅವಳ ಮುಖದಲ್ಲಿ ಒಂದು ಗಳಿಗೆ ಸಮಾಧಾನ ಕಂಡಿತೇ ಎಂದು ನೆನೆದು ನೆನೆದು ನೋಡಿದೆ. ಈಗ ಹೇಳುತ್ತೇನೆ, ಕಂಡಿದ್ದರೆ ಅದರಲ್ಲಿ ತಪ್ಪೇನು? ಅವಳು ತಾಯಿ. ಆಗ ಮಾತ್ರ ಅದೇ ಮುಳ್ಳಾಗಿ ಚುಚ್ಚಿತು.

ಒಳಗೆ ಬಂದವಳು ಚಿಕ್ಕತಾಯಮ್ಮ. ಒಂದು ಚೀಲ, ಒಂದು ಚಾಪೆ ಹಿಡಿದು ಮದ್ದೂರಿನ ಬಸ್ಸಿಳಿದು, ಕೇಳದೆಯೇ ಅಡಿಗೆಮನೆ ಹೊಕ್ಕಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣ ಬೋರೇಗೌಡನ ಮನೆಯಲ್ಲಿದ್ದವಳು.

“ನಿನ್ನನ್ನ ಯಾರು ಕಳಿಸಿದರು?” ಎಂದೆ.

“ಯಾರ್ ಕಳುಸ್ಬೇಕು? ಬಸ್ಸು ಕಳುಸ್ತು,” ಎಂದಳು.

“ಇದು ಅಂಟುವ ಕಾಯಿಲೆ.”

“ನಂಗ್ ಅಂಟಿ ಏನ್ ಮಾಡೀತು ಭಾವ? ಸಿಟ್ಟಾಗಿ ಅದೇ ಬುಟ್ಟೋಯ್ತದೆ.”

ಇವಳಿಗೆ ಏನು ಬೇಕು ಎಂದು ಹುಡುಕಿದೆ. ಮನೆಯೇ? ಸಾಕಮ್ಮನ ಓಲೆಯೇ? ಬೋರೇಗೌಡ ಬಂದಾಗ ಇಬ್ಬರೂ ಹಿತ್ತಲಲ್ಲಿ ಪಿಸುಗುಟ್ಟುತ್ತಿದ್ದರು. ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ. “ಉಣ್ತಾವ್ರಾ?” ಎಂದು ಅವನು, “ಎಲ್ಲಿ ಉಣ್ತರೆ, ಗುಬ್ಬಿ ಕುಕ್ದಂಗೆ ಕುಕ್ತರೆ,” ಎಂದು ಇವಳು. ಇಷ್ಟನ್ನು ಹೇಳಲು ಪಿಸುಗುಟ್ಟಬೇಕೇ? ಇದರ ಹಿಂದೆ ಇನ್ನೇನೋ ಇದೆ ಎಂದುಕೊಂಡೆ. ಅವಳು ಕೊಡುವ ಮಾತ್ರೆಯನ್ನು ಸೀಸೆಯಲ್ಲಿದ್ದ ಮಾತ್ರೆಗೆ ಹಿಡಿದು ನೋಡಿ ನುಂಗುತ್ತಿದ್ದೆ. ಅವಳು ಅದನ್ನು ಕಂಡೂ ಕಾಣದವಳಂತೆ ನೀರು ಇಟ್ಟು ಹೋಗುವಳು.

ಮಂಡ್ಯದ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಒಬ್ಬ ತಪ್ಪದೆ ಕೂರುತ್ತಿದ್ದ. ಹನಕೆರೆಯ ಪುಟ್ಟಸ್ವಾಮಿ ಎಂದು, ರೈಲುಹಳಿ ರಿಪೇರಿಯ ಕೆಲಸದವನು. ಮೊದಲ ಸಲ ನನ್ನ ಬೂಟನ್ನು ನೋಡಿ, “ಪೊಲೀಸ್ನೋರಾ ಸಾರ್?” ಎಂದ.

“ನಿನಗೆ ಹೇಗೆ ಗೊತ್ತು?”

“ಕೆಮ್ಮೋದೂವೆ ಕವಾಯತು ಮಾಡ್ದಂಗೆ ಕೆಮ್ತೀರಲ್ಲ!”

ಬೆಂಚಿಗೆ ಬೆಂಚೇ ನಕ್ಕಿತು. ನಾನು ನಗಲಿಲ್ಲ. ಆದರೆ ಮುಂದಿನ ತಿಂಗಳು ಅವನು ಎಲ್ಲಿದ್ದಾನೆ ಎಂದು ಕಣ್ಣು ಹುಡುಕಿತು. ನನ್ನ ಹಾಗೇ ಬಲಗಡೆಯ ಶ್ವಾಸಕೋಶ, ಅದೇ ಸೂಜಿ. ಅವನ ಕೆನ್ನೆ ತುಂಬುತ್ತಿತ್ತು, ನನ್ನ ಅಂಗಿಯ ಕಾಲರು ಸಡಿಲವಾಗುತ್ತಿತ್ತು.

“ಏನ್ ತಿಂತೀರಾ ಸಾರ್?”

“ಮುದ್ದೆ, ಸೊಪ್ಪು, ಹಾಲು.”

“ಸರೋಯ್ತು! ಸನ್ಯಾಸಿ ಊಟ. ಮಾಂಸ ತಿನ್ನಿ ಸಾರ್. ಸೂಜಿ ಅರ್ಧ ಕೆಲ್ಸ, ಮೂಳೆ ಅರ್ಧ ಕೆಲ್ಸ.”

ಡಾಕ್ಟರೂ ಅದನ್ನೇ ಹೇಳಿದರು. ಮೊಟ್ಟೆ ತಿಂದರೆ ಮಾತ್ರೆಯ ಜೊತೆಗೆ ವಾಂತಿಯಾಗುತ್ತಿತ್ತು. ಕೋಳಿ ಉಷ್ಣ, ರಕ್ತ ಕಕ್ಕಿಸುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೆದರಿಸುತ್ತಾರೆ, ನನಗೂ ಹೆದರಿಕೆಯೇ. “ಹಾಗಾದರೆ ಕುರಿ ಮಾಂಸ ತಿನ್ನಿ, ಕಾಲು ಸೂಪು ಕುಡೀರಿ. ನೀವು ಬಂಡೂರಿನ ಅಳಿಯ ಅಂತೆ, ನಿಮಗೆ ಅದನ್ನ ಹೇಳಿಕೊಡಬೇಕಾ?” ಎಂದರು ಡಾಕ್ಟರು.

ಮನೆಗೆ ಬರುವಾಗ ಕುರಿಯ ಕಾಲು ಕಟ್ಟಿಸಿಕೊಂಡು ಬಂದೆ. ಚಿಕ್ಕತಾಯಮ್ಮ ಪೊಟ್ಟಣ ಬಿಚ್ಚಿ ನೋಡಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಹಿಂದೆ ಸರಿದಳು.

“ನಮ್ಮಕ್ಕನ್ನ ನನ್ ಕೈಲಿ ಬೇಯ್ಸು ಅಂತೀರಾ ಭಾವ?”

“ಅದು ಕುರಿಯ ಕಾಲು.”

“ನೀವೇ ನೋಡಿದ್ರಲ್ಲ ಗೊರ್ಸ.”

“ನೋಡಿದ್ದೀನಿ. ಯಾರೋ ಬೆರಳಲ್ಲಿ ಒತ್ತಿದ್ದು.” ಯಾರೋ ಎನ್ನುವಾಗ ಅವಳನ್ನೇ ನೋಡಿದೆ.

ಅವಳ ಕಣ್ಣು ಅಗಲವಾಯಿತು. ಸಿಕ್ಕಿಬಿದ್ದವರ ಕಣ್ಣೂ ಹಾಗೇ ಅಗಲವಾಗುತ್ತದೆ, ನೊಂದವರದೂ ಹಾಗೇ. ಅಷ್ಟು ವರ್ಷ ಸೇವೆ ಮಾಡಿದ ನನಗೆ ಅವತ್ತು ಅದು ಯಾವುದೆಂದು ಗೊತ್ತಾಗಲಿಲ್ಲ.

ಪಕ್ಕದ ಮನೆಯವರಿಂದ ಬೇಯಿಸಿಕೊಂಡೆ. ಮೆಣಸು ಹಾಕಿದ ಸೂಪು ಘಮ್ಮೆಂದಿತು. ನಂಬಿಕೆ ಇಲ್ಲದವನಿಗೆ ಏನು ತೊಂದರೆ ಎಂದು ಲೋಟ ಎತ್ತಿದೆ. ತಳದಲ್ಲಿ ಗೊರಸಿನ ಗಂಟಿನ ಮೂಳೆ ಕಂಡಿತು. ಬಾಯಿಗೆ ಹೋದ ಗುಟುಕು ಗಂಟಲಲ್ಲಿ ಇಳಿಯಲಿಲ್ಲ. ಹಿತ್ತಲಿಗೆ ಹೋಗಿ ಉಗುಳಿದೆ. ಮಾರನೆಯ ದಿನ ಮೂಳೆ ತೆಗೆಸಿ ಬರೀ ನೀರಿನಂಥ ಸೂಪು ಮಾಡಿಸಿದೆ. ಅದೂ ಇಳಿಯಲಿಲ್ಲ. ನಂಬಿದ್ದರೆ ಕಾರಣವಾದರೂ ಇರುತ್ತಿತ್ತು. ನಂಬದೆಯೂ ಗಂಟಲು ಮುಚ್ಚಿಕೊಂಡರೆ ಯಾರ ಮೇಲೆ ಕೇಸು ಹಾಕುವುದು?

ಮುಂದಿನ ಸಲ ತಕ್ಕಡಿಯ ಮೇಲೆ ನಿಂತಾಗ ಡಾಕ್ಟರು ನಗಲಿಲ್ಲ. “ಮೈಯಲ್ಲಿ ಶಕ್ತಿ ಇಲ್ಲದಿದ್ದರೆ ಔಷಧಿ ಒಂದೇ ಹೋರಾಡಬೇಕು. ಇನ್ನೂ ಇಳಿದರೆ ನಾನು ಭರವಸೆ ಕೊಡಲ್ಲ,” ಎಂದರು. ವಾಸಿ ಆಗುತ್ತೆ ಎಂದಾಗ ನಂಬದವನು, ಇದನ್ನು ತಕ್ಷಣ ನಂಬಿದೆ. ಆ ಸಲ ಪುಟ್ಟಸ್ವಾಮಿಯ ಜಾಗ ಖಾಲಿ ಇತ್ತು. ಕಾಂಪೌಂಡರನನ್ನು ಕೇಳಿದೆ. “ಬಂದಿಲ್ಲ ಸಾರ್,” ಎಂದು ಬೇರೆ ಕಡೆ ನೋಡಿದ. ಸರಿ, ತೀರಿಹೋಗಿದ್ದಾನೆ, ನನಗೆ ಹೇಳುತ್ತಿಲ್ಲ ಎಂದು ತಿಳಿದುಕೊಂಡೆ. ವಾಪಸು ಬರುವ ಬಸ್ಸು ಹನಕೆರೆ ದಾಟುವಾಗ ಆ ಕಡೆ ನೋಡಲಾರದೆ ತಲೆ ತಗ್ಗಿಸಿದೆ. ಮನೆಗೆ ಬಂದು ಬೂಟು ಬಿಚ್ಚದೆ ಹಾಸಿಗೆಯ ಮೇಲೆ ಕೂತೆ. ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತು ಆ ಬೂಟನ್ನೇ ನೋಡುತ್ತಿದ್ದಳು. ನಾನು ಬೂಟು ಬಿಚ್ಚದೆ ಒಳಗೆ ಬಂದದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

“ಏನಂದ್ರು ಭಾವ?”

“ತೂಕ ಇಳಿದಿದೆ.”

“ಇಳುದ್ರೆ?”

“ಇಳಿದರೆ ನಿನ್ನ ಕೆಲಸ ಸುಲಭ. ಇನ್ನೊಂದು ಸಲ ಬೂದಿ ಜರಡಿ ಹಿಡಿ.”

ಅವಳು ಅಡಿಗೆಮನೆಗೆ ಹೋಗಿ ಒಲೆಗೆ ಸೌದೆ ಒಟ್ಟಿದಳು.

ಮಾರನೆಯ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಸೂಜಿ ಚುಚ್ಚಿಸಿಕೊಂಡು ಬಂದಾಗ ಬೀದಿಗೇ ಮಸಾಲೆಯ ವಾಸನೆ ಬರುತ್ತಿತ್ತು. ಅದು ನನ್ನ ಮನೆಯದು ಎಂದು ಒಳಗೆ ಬರುವ ತನಕ ಗೊತ್ತಾಗಲಿಲ್ಲ. ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಚಿಕ್ಕತಾಯಮ್ಮ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನನ್ನ ಕಡೆ ತಿರುಗದೆ ಮಾತಾಡಿದಳು.

“ಭಾವ, ನೀವ್ ಏಳಿದ್ದು ದಿಟ. ಆ ಗೊರ್ಸ ನಾನೇ ಒತ್ತಿದ್ದು.”

ನಾನು ಬಾಗಿಲಲ್ಲೇ ನಿಂತೆ.

“ಎಲ್ರೂ ಮಲುಗಿದ್ರು. ಕುಕ್ಕೆ ಎತ್ತಿ ಈ ಎರಡು ಬೆಳ್ಳಲ್ಲಿ ಒತ್ತಿ ಮುಚ್ಚುಬುಟ್ಟೆ. ಎಲ್ರೂ ಗೋಳಾಡ್ತಿದ್ರಲ್ಲ, ಒಸಿ ಸಮಾಧಾನ ಆಗ್ಲಿ ಅಂತ. ಅಕ್ಕನೂ ಇಲ್ಲ, ಕುರಿಯೂ ಇಲ್ಲ. ಎಲ್ಲಾ ನಾಟ್ಕ. ನೀವು ಉಣ್ಣಿ.”

ತಪ್ಪೊಪ್ಪಿಗೆ ಕೇಳುವುದು ನನ್ನ ಕಸುಬಾಗಿತ್ತು. ಒಪ್ಪಿಕೊಂಡವನಿಗೆ ಒಂದು ಪ್ರಶ್ನೆ ಕೇಳಬೇಕು, ಮಾಡಿದವನಿಗೆ ಮಾತ್ರ ಉತ್ತರ ಗೊತ್ತಿರುವಂಥದ್ದು. ಕೇಳಬಾರದಿತ್ತೋ ಏನೋ. ಅಭ್ಯಾಸದ ಬಾಯಿ, ಕೇಳಿತು.

“ಕುಕ್ಕೆ ಎತ್ತುವಾಗ ಅಂಚಿನ ಸುತ್ತ ಏನಿತ್ತು?”

“ಏನಿರ್ತದೆ?” ಈಗ ತಿರುಗಿ ನೋಡಿದಳು. ಹೊಗೆಗೆ ಕಣ್ಣು ಕೆಂಪಾಗಿತ್ತು. “ನೆಲ ಇತ್ತು. ಅಕ್ಕ ಸಾರುಸ್ತಿದ್ದ ನೆಲ.”

ಹಿಟ್ಟಿನ ಎಳೆ ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದವಳು ಕುಕ್ಕೆ ಎತ್ತಿದ್ದರೆ ಅದು ಮುರಿಯುತ್ತಿತ್ತು. ಅಲ್ಲಿಗೆ ನನ್ನ ಕೇಸು ಬಿದ್ದುಹೋಯಿತು. ಅವಳು ಕುಕ್ಕೆಯನ್ನು ಮುಟ್ಟಿರಲಿಲ್ಲ. ಅಕ್ಕ ತವರಿಗೇ ಬಂದಿದ್ದಾಳೆ ಎಂದು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವಳು, ಆ ನಂಬಿಕೆಯೊಂದನ್ನೇ ಹಿಡಿದು ದಿನ ದೂಡುತ್ತಿದ್ದವಳು, ಅದನ್ನು ತೆಗೆದು ನನ್ನ ತಟ್ಟೆಗೆ ಹಾಕುತ್ತಿದ್ದಳು. ಮೇಲೆ ಸುಳ್ಳುಗಾತಿ ಎಂಬ ಹೆಸರನ್ನೂ ತಾನೇ ಹೊತ್ತುಕೊಂಡಿದ್ದಳು. ಅವಳಿಗೆ ಏನು ಬೇಕು ಎಂದು ಅಷ್ಟು ದಿನ ಹುಡುಕಿದ್ದೆನಲ್ಲ, ಉತ್ತರ ಒಲೆಯ ಮೇಲೆ ಕುದಿಯುತ್ತಿತ್ತು.

ನಾನು ನಕ್ಕುಬಿಡಬಹುದಿತ್ತು, ಅಳಬಹುದಿತ್ತು. ಎರಡಕ್ಕೂ ಅಭ್ಯಾಸವಿಲ್ಲ. “ನನಗೆ ಮೊದಲೇ ಗೊತ್ತಿತ್ತು. ಪೊಲೀಸಿನವನಿಗೆ ಮೋಸ ಮಾಡುವುದಕ್ಕಾಗುತ್ತಾ?” ಎಂದೆ.

“ಆಯ್ತದಾ ಎಲ್ಲಾದ್ರೂ,” ಎಂದಳು ಚಿಕ್ಕತಾಯಮ್ಮ. ಸೌಟಿನಲ್ಲಿ ಸ್ವಲ್ಪ ಸಾರು ತೆಗೆದು, ಊದಿ, ನಾನು ನೋಡುತ್ತಿರುವ ಹಾಗೆ ತಾನು ಮೊದಲು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ನುಂಗಿದಳು. “ಉಪ್ಪು ಸರಿಯಾಗದೆ,” ಎಂದಳು.

ಕೈ ತೊಳೆದು ತಟ್ಟೆಯ ಮುಂದೆ ಕೂತೆ. ಅವಳು ಸುಳ್ಳು ಹೇಳಿದ್ದಾಳೆ ಎಂದರೆ ಗೊರಸು ಯಾರದ್ದೋ ಗೊತ್ತಿಲ್ಲ ಎಂದಾಯಿತು. ಕುಕ್ಕೆಯೊಳಗೆ ಮೊದಲೇ ಇಲಿ ಸೇರಿತ್ತೋ, ಸೂರಿನಿಂದ ಮಣ್ಣಿನ ಹೆಂಟೆ ಸಂದಿಯಲ್ಲಿ ಬಿತ್ತೋ, ಅಥವಾ ಸಾಕಮ್ಮನೇ ಬಂದಿದ್ದಳೋ. ತಿನ್ನದಿರುವುದಕ್ಕೆ ಆ ಹೊತ್ತಿಗೆ ಮೊದಲಿಗಿಂತ ಹೆಚ್ಚು ಕಾರಣ ಇತ್ತು. ಆದರೆ ಎದುರಿಗೆ ಚಿಕ್ಕತಾಯಮ್ಮ ಕೂತಿದ್ದಳು, ಬಾಯಲ್ಲಿ ಆ ಸಾರಿನ ರುಚಿ ಇನ್ನೂ ಇಟ್ಟುಕೊಂಡು, ನನ್ನ ಗಂಟಲನ್ನು ನೋಡುತ್ತ. ಸಾಕಮ್ಮ ಕುರಿಯಾಗಿ ಬಂದಿದ್ದರೂ, ಗಂಡ ಬದುಕಲಿ ಎಂದು ಕಾಲು ಕೊಡುವುದಕ್ಕೆ ಹಿಂದೆಗೆಯುವವಳಲ್ಲ ಎಂದುಕೊಂಡೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದೆ. ಅದು ಇಳಿಯಿತು. ಎರಡನೆಯ ತುತ್ತೂ ಇಳಿಯಿತು. ಊಟಕ್ಕೆ ಮುಂಚೆ ಕೈ ಮುಗಿಯುವ ರೂಢಿ ನನಗಿಲ್ಲ. ಅವತ್ತು ಉಂಡ ಮೇಲೆ ಎಂಜಲು ಕೈಯಲ್ಲೇ ತಟ್ಟೆಗೆ ಮುಗಿದೆ. ಚಿಕ್ಕತಾಯಮ್ಮ ಒಲೆಯ ಬೂದಿ ಕೆದಕುತ್ತ ಬಗ್ಗಿ ಕೂತಿದ್ದಳು.

ಮುಂದಿನ ತಿಂಗಳು ತಕ್ಕಡಿಯ ಮುಳ್ಳು ಮೇಲಕ್ಕೆ ಹೋಯಿತು. ಹೊರಗೆ ಬೆಂಚಿನ ಮೇಲೆ ಪುಟ್ಟಸ್ವಾಮಿ ಕೂತಿದ್ದ. ಅವನ ತೋಳನ್ನು ಹಿಡಿದೆ, ಬಿಡಲಿಲ್ಲ.

“ಏನ್ ಸಾರ್, ಅರೆಸ್ಟಾ?”

“ಹೋದ ತಿಂಗಳು ಎಲ್ಲಿ ಹೋಗಿದ್ದೆ?”

“ಚಿಕ್ಕರಸಿನಕೆರೇಲಿ ನಮ್ ಸೊಸೆ ಸೀಮಂತ ಸಾರ್. ಊಟ ಬುಟ್ಟು ಸೂಜಿ ಚುಚ್ಚುಸ್ಕೊಳಕ್ಕೆ ಬರಾನಾ? ಮಾರ್ನೆ ದಿನ ಬಂದಿದ್ದೆ.”

ಸೊಸೆಯ ಸೀಮಂತಕ್ಕೆ ಹೋದವನಿಗಾಗಿ ನಾನು ಒಂದು ತಿಂಗಳು ಒಳಗೊಳಗೇ ದುಃಖಪಟ್ಟಿದ್ದೆ. ಕಾಂಪೌಂಡರ್ ಬೇರೆ ಕಡೆ ನೋಡಿದ್ದು ಬಹುಶಃ ಬೇರೆ ಕಡೆ ಕೆಲಸ ಇತ್ತು ಎಂದೇ ಇರಬೇಕು. ನನ್ನ ಹಾಗೆ ಎಲ್ಲರ ಮುಖದಲ್ಲೂ ಗುಟ್ಟು ಹುಡುಕುತ್ತ ಬೆಂಚಿನ ಮೇಲೆ ಕೂತಿರುವವರಿಗೆ ಇದನ್ನು ಹೇಳಲೇಬೇಕು. ನಿಮ್ಮ ಅನುಮಾನ ಕೆಲವು ಸಲ ಸರಿಯಿರುತ್ತದೆ, ನನ್ನ ಹೆಂಡತಿಯ ವಿಷಯದಲ್ಲಿ ಇತ್ತು. ಬಹಳ ಸಲ ಸರಿಯಿರುವುದಿಲ್ಲ. ಅನುಮಾನ ಸರಿಯಿರಲಿ ಇಲ್ಲದಿರಲಿ, ಔಷಧಿಯನ್ನು ಮಾತ್ರ ತಗೊಳ್ಳಿ.

ಒಂದು ವರ್ಷದ ಮೇಲೆ ಔಷಧಿ ನಿಂತಿತು. ಡಾಕ್ಟರು ಹೊಸ ಎಕ್ಸ್-ರೇಯನ್ನು ಕಿಟಕಿಗೆ ಹಿಡಿದು, ಕೇಳುವ ಮುಂಚೆಯೇ ಅದನ್ನು ನನ್ನ ಕೈಗೆ ಕೊಟ್ಟರು. ನಾನು ನೋಡದೆ ಮಡಿಲಲ್ಲಿ ಇಟ್ಟುಕೊಂಡೆ. ಜಯಮ್ಮನ ಕೂಸು ಈಗ ನಡೆಯುತ್ತದೆ, ನನ್ನ ಬೂಟಿನೊಳಗೆ ಕಲ್ಲು ತುಂಬುತ್ತದೆ.

ಚಿಕ್ಕತಾಯಮ್ಮ ಆ ವರ್ಷವೆಲ್ಲ ಅಡಿಗೆ ಮಾಡಿ ಹಾಕಿದಳು, ವಾರ ವಾರ ಕಾಲು, ತಲೆ, ಬೋಟಿ. ಪ್ರತಿ ಸಲ ಒಂದು ಸೌಟು ಬಾಯಿಗೆ ಹಾಕಿಕೊಂಡು ಉಪ್ಪು ನೋಡುವಳು. ಆಮೇಲೆ ತನ್ನ ತಟ್ಟೆಗೆ ಸೊಪ್ಪಿನ ಸಾರು. ಕೇಳಿದರೆ, “ಹಲ್ಲು ನೋವು,” ಎನ್ನುವಳು. ಕಡಲೆಕಾಯಿ ಮಾತ್ರ ಕಟಕಟ ಅಗಿಯುತ್ತಿದ್ದಳು. ನಾನು ಆ ಹಲ್ಲಿನ ತನಿಖೆಗೆ ಹೋಗಲಿಲ್ಲ.

ವಾಸಿಯಾದ ಮೇಲೆ ಅವಳನ್ನು ಊರಿಗೆ ಬಿಟ್ಟುಬರಲು ಜೊತೆಗೆ ಹೋದೆ. ಬಸ್ಸಿಳಿದು ಬಂಡೂರಿನ ದಾರಿಯಲ್ಲಿ ನಡೆಯುವಾಗ ಎದುರಿಗೆ ಕುರಿಮಂದೆ ಬಂತು. ಗಿಡ್ಡ ಕಾಲಿನ ಕುರಿಗಳು ರಸ್ತೆ ತುಂಬ ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಚಿಕ್ಕತಾಯಮ್ಮ ಬದುವಿಗೆ ಸರಿದು ನಿಂತಳು. ಒಂದು ಎಳೆ ಹೆಣ್ಣುಕುರಿ ಮಂದೆಯಿಂದ ಪಕ್ಕಕ್ಕೆ ಬಂದು ಅವಳ ಚೀಲವನ್ನು ಮೂಸಿತು. ಅವಳು ಅದರ ಕಿವಿ ಸವರಿ, “ಓಗವ್ವಾ, ಓಗು. ಎಲ್ಲಾ ಚೆನ್ನಾಗವ್ರೆ,” ಎಂದು ಮೆಲ್ಲಗೆ ಹೇಳಿದಳು. ಹೇಳಿ, ನಾನು ಕೇಳಿಸಿಕೊಂಡೆನೋ ಎಂದು ಸರಕ್ಕನೆ ನನ್ನ ಕಡೆ ನೋಡಿದಳು.

ನನ್ನ ಬಲಗೈ ಹಣೆಗೆ ಹೋಗಿತ್ತು. ಬೂಟಿನ ಹಿಮ್ಮಡಿಯೂ ಜೋಡಿಯಾಗಿತ್ತು.

“ಏನ್ ಭಾವ ಅದು?”

“ಬಿಸಿಲು,” ಎಂದೆ. ಮಂದೆ ಪೂರ್ತಿ ದಾಟುವ ತನಕ ಕೈ ಇಳಿಸಲಿಲ್ಲ.